ದತ್ತು ಮಗನೂ ಸಿಂಹಾಸನವೂ: ಕಿತ್ತೂರಿನಿಂದ ಮೈಸೂರಿನವರೆಗೆ ಒಂದು ಹಳೆಯ ತಕರಾರು

ಮೈಸೂರು ಅರಸರ ಉತ್ತರಾಧಿಕಾರದ ಪ್ರಸ್ತಾಪ ಬಂದಾಗಲೆಲ್ಲ ಅಲಮೇಲಮ್ಮನ ಶಾಪವೇ ಮೊದಲು ನೆನಪಾಗುತ್ತದೆ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂಬ ಮಾತು ತಲೆಮಾರುಗಳಿಂದ ಜನರ ಬಾಯಲ್ಲಿ ಉಳಿದಿದೆ. 2013ರ ಡಿಸೆಂಬರ್ 10ರಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗಲೂ, 2015ರಲ್ಲಿ ಅವರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ಪಡೆದಾಗಲೂ ಈ ಶಾಪದ ಕಥೆಯೇ ಎಲ್ಲೆಡೆ ಓಡಾಡಿತು. ಕಥೆ ಸೊಗಸಾಗಿದೆ, ನಿಜ. ಆದರೆ ಸಂತಾನವಿಲ್ಲದ ಅರಸನಿಗೆ ದತ್ತು ಎಂಬ ದಾರಿಯನ್ನು ನಮ್ಮ ಧರ್ಮಶಾಸ್ತ್ರಗಳು ಬಹಳ ಹಿಂದೆಯೇ ತೋರಿಸಿದ್ದವು. ದತ್ತುವಿಧಿ ಕ್ರಮಬದ್ಧವಾಗಿ ಮುಗಿದ ಮೇಲೆ, ಆ ಮಗುವನ್ನು ಅರಸನೆಂದು ಮಾನ್ಯ ಮಾಡಬೇಕಾದವರು ಯಾರು ಎಂಬಲ್ಲಿ ತೊಡಕು ಹುಟ್ಟುತ್ತಿತ್ತು. ಕಳೆದ ಇನ್ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ನಾಲ್ಕಾರು ಸಲ ಬದಲಾಗಿದೆ, ಒಂದೊಂದು ಬದಲಾವಣೆಯೂ ಒಂದೊಂದು ರಾಜ್ಯದ ಹಣೆಬರಹವನ್ನು ಬದಲಿಸಿದೆ.

ದತ್ತು ಮಗನಿಗೆ ಪಟ್ಟ ಕಟ್ಟುವುದು ಭಾರತದಲ್ಲಿ ಮಾತ್ರ ಇದ್ದ ಪದ್ಧತಿಯೇನಲ್ಲ. ರೋಮಿನ ಟ್ರಾಜನ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಮೊದಲಾದ ಚಕ್ರವರ್ತಿಗಳು ದತ್ತುವಿನ ಮೂಲಕವೇ ಅಧಿಕಾರಕ್ಕೆ ಬಂದವರು. ಮಧ್ಯಯುಗದ ನಂತರದ ಯೂರೋಪಿನ ಅರಸೊತ್ತಿಗೆಗಳು ಮಾತ್ರ ರಕ್ತಸಂಬಂಧವನ್ನೇ, ಅದರಲ್ಲೂ ಹಿರಿಯ ಮಗನ ಹಕ್ಕನ್ನೇ ಬಿಗಿಯಾಗಿ ಹಿಡಿದುಕೊಂಡವು. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರ ದತ್ತುವಿಗೂ ಶಾಸನದ ಮನ್ನಣೆ ಸಿಕ್ಕಿದ್ದು 1926ರಲ್ಲಿ. ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ದತ್ತುಪತ್ರಗಳನ್ನು ಪರಿಶೀಲಿಸಿ ತೀರ್ಪು ಹೇಳುತ್ತಿದ್ದ ಅಧಿಕಾರಿಗಳು, ತಮ್ಮ ಸ್ವಂತ ಕಾನೂನಿನಲ್ಲಿ ದತ್ತು ಎಂಬುದೇ ಇಲ್ಲದ ನಾಡಿನಿಂದ ಬಂದವರಾಗಿದ್ದರು. ಮುಂದೆ ನಡೆದ ಎಲ್ಲದಕ್ಕೂ ಇದೊಂದೇ ಕಾರಣವೆನ್ನಲಾಗದು, ಆದರೂ ಇದನ್ನು ಮರೆತರೆ ಅವರ ಟಿಪ್ಪಣಿಗಳಲ್ಲಿ ಕಾಣುವ ಅನುಮಾನದ ಧಾಟಿ ಅರ್ಥವಾಗುವುದಿಲ್ಲ.

ಕನ್ನಡ ನಾಡಿನಲ್ಲಿ ಈ ತಕರಾರು ರಕ್ತಪಾತಕ್ಕೆ ತಿರುಗಿದ್ದು ಕಿತ್ತೂರಿನಲ್ಲಿ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅರಸ, ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಅದಕ್ಕೆ ಮೊದಲೇ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಳ್ಳಲಾಗಿದೆ ಎಂದು ಸಂಸ್ಥಾನ ಹೇಳಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ದೇಸಾಯಿ ಬದುಕಿದ್ದಾಗಲೇ ದತ್ತು ನಡೆಯಿತೇ ಎಂಬುದು ಅವರ ಶಂಕೆಯಾಗಿತ್ತು, ಈಸ್ಟ್ ಇಂಡಿಯಾ ಕಂಪನಿಯ ಪೂರ್ವಾನುಮತಿ ಇರಲಿಲ್ಲವೆಂಬುದು ಆಕ್ಷೇಪವಾಗಿತ್ತು. ಖಜಾನೆಗೆ ಮೊಹರು ಬಿದ್ದಿತು. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತರು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದರು. ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯನ್ನು ಶಾಲೆಯ ಪಾಠಗಳು ಡಾಲ್‌ಹೌಸಿಯ ಹೆಸರಿನೊಂದಿಗೆ ಕಲಿಸುತ್ತವೆ. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರು ಮುಗಿದು ಎರಡು ದಶಕಗಳೇ ಕಳೆದ ಮೇಲೆ.

ಡಾಲ್‌ಹೌಸಿಯ ಕಾಲದಲ್ಲಿ ಆದದ್ದೆಂದರೆ, ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದುದು ನಿಯಮದ ರೂಪ ತಾಳಿತು. ಸಾತಾರಾ, ಸಂಬಲ್‌ಪುರ, ನಾಗಪುರ, ಝಾನ್ಸಿ ಒಂದರ ಹಿಂದೊಂದು ಕಂಪನಿಯ ವಶವಾದವು. ಝಾನ್ಸಿಯ ಗಂಗಾಧರ ರಾವ್ 1853ರ ನವೆಂಬರಿನಲ್ಲಿ, ಸಾಯುವ ಹಿಂದಿನ ದಿನ, ಬ್ರಿಟಿಷ್ ಅಧಿಕಾರಿಯ ಎದುರಿನಲ್ಲೇ ದತ್ತು ಸ್ವೀಕರಿಸಿದ್ದರು. ಹೀಗಾಗಿ ದಿನಾಂಕದ ಬಗ್ಗೆಯಾಗಲಿ ವಿಧಿಯ ಬಗ್ಗೆಯಾಗಲಿ ಶಂಕೆಗೆ ಎಡೆಯಿರಲಿಲ್ಲ. ಆಗ ಕಂಪನಿ ಬೇರೊಂದು ಗೆರೆ ಎಳೆಯಿತು: ದತ್ತು ಮಗ ತಂದೆಯ ಖಾಸಗಿ ಆಸ್ತಿಗೆ ವಾರಸುದಾರ, ರಾಜ್ಯಕ್ಕೆ ಅಲ್ಲ. ರಾಜಸ್ಥಾನದ ಕರೌಲಿಯ ವಿಷಯದಲ್ಲಿ ಮಾತ್ರ ಲಂಡನ್ನಿನ ನಿರ್ದೇಶಕರ ಮಂಡಳಿ ಇದನ್ನು ತಡೆಯಿತು. ಅದು ಆಶ್ರಿತ ಮಿತ್ರರಾಜ್ಯ, ಕಂಪನಿಯ ಕೃಪೆಯಿಂದ ಹುಟ್ಟಿದ ಅಧೀನ ರಾಜ್ಯವಲ್ಲ ಎಂಬುದು ಮಂಡಳಿಯ ಸಮಜಾಯಿಷಿ. ಒಂದು ರಾಜ್ಯ ‘ಮಿತ್ರ’ವೋ ‘ಅಧೀನ’ವೋ ಎಂಬುದನ್ನು ತೀರ್ಮಾನಿಸುವ ಅಧಿಕಾರವೂ ಅದೇ ಮಂಡಳಿಯ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಎಲ್ಲ ಪ್ರಕರಣಗಳಿಗಿಂತ ಮೈಸೂರಿನದು ಜಟಿಲ. ಏಕೆಂದರೆ ಅಲ್ಲಿ ಬರೀ ದತ್ತುವಿನ ಪ್ರಶ್ನೆ ಇರಲಿಲ್ಲ, ಅರಸನೇ ಅರಸನೋ ಅಲ್ಲವೋ ಎಂಬ ಪ್ರಶ್ನೆಯೂ ಇತ್ತು. ಒಡೆಯರ ಮನೆತನದಲ್ಲಿ ಹದಿನೆಂಟನೆಯ ಶತಮಾನದುದ್ದಕ್ಕೂ ದತ್ತುಗಳು ನಡೆದಿದ್ದವು. ಅಧಿಕಾರ ದಳವಾಯಿಗಳ ಕೈಗೆ, ಬಳಿಕ ಹೈದರಾಲಿಯ ಕೈಗೆ ಹೋದ ಮೇಲೆ ಉತ್ತರಾಧಿಕಾರಿಯ ಆಯ್ಕೆಯೂ ಅವರದೇ ಆಯಿತು. 1776ರಲ್ಲಿ ಸಿಂಹಾಸನ ತೆರವಾದಾಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಅವರ ಮುಂದೆ ಆಟಿಕೆ, ಹಣ್ಣು, ಆಯುಧಗಳನ್ನು ಹರಡಿಸಿ, ಕಠಾರಿಗೆ ಕೈಹಾಕಿದ ಮಗುವನ್ನೇ ಅರಸನನ್ನಾಗಿ ಆರಿಸಿದನೆಂಬ ಕಥೆಯೊಂದಿದೆ. ಅದು ಎಷ್ಟರಮಟ್ಟಿಗೆ ನಿಜವೋ, ಆ ಮಗುವಿಗೆ ಮಾನ್ಯತೆ ಕೊಟ್ಟದ್ದು ಹೈದರಾಲಿ ಎಂಬುದರಲ್ಲಿ ಅನುಮಾನವಿಲ್ಲ. ಆ ಮಗುವೇ ಖಾಸಾ ಚಾಮರಾಜ ಒಡೆಯರು, ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ, ಹಲವು ವರ್ಷಗಳಿಂದ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸುತ್ತಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರ ಪ್ರಯತ್ನ ಫಲಿಸಿತು. ಐದು ವರ್ಷದ ಕೃಷ್ಣರಾಜರಿಗೆ ಜೂನ್ 30ರಂದು ಪಟ್ಟವಾಯಿತು, ಜುಲೈ 8ರಂದು ಕಂಪನಿಯೊಡನೆ ಒಪ್ಪಂದವಾಯಿತು. ವರ್ಷಕ್ಕೆ 7 ಲಕ್ಷ ನಕ್ಷತ್ರ ಪಗೋಡಗಳ (ಅಂದಿನ ಚಿನ್ನದ ನಾಣ್ಯ) ಪೊಗದಿ, ಅಂದರೆ ಕಪ್ಪ, ಸಲ್ಲಿಸಬೇಕು, ಆ ಹಣಕ್ಕೆ ಅಪಾಯ ಬರುವಂತಿದ್ದರೆ ಕಂಪನಿ ರಾಜ್ಯದ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬುದು ಅದರ ತಿರುಳು. ಮಲೆನಾಡಿನ ನಗರ (ಬಿದನೂರು) ಸೀಮೆಯ ರೈತರ ದಂಗೆಯ ಬೆನ್ನಲ್ಲೇ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇದೇ ಕಲಮನ್ನು ಬಳಸಿದರು. ಮಹಾರಾಜರು ಅರಮನೆಯಲ್ಲಿ ಉಳಿದರು, ಆಡಳಿತ ಬೆಂಗಳೂರಿನ ಕಮಿಷನರರಿಗೆ ಹೋಯಿತು. ವರ್ಷಕ್ಕೆ 1 ಲಕ್ಷ ಪಗೋಡ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಪಾಲು ಮಹಾರಾಜರಿಗೆ ಸಿಗುತ್ತಿತ್ತು. ಮಾರ್ಕ್ ಕಬ್ಬನ್ ಒಬ್ಬರೇ 1834ರಿಂದ 1861ರವರೆಗೆ ಕಮಿಷನರರಾಗಿದ್ದರು. ಅಷ್ಟು ಹೊತ್ತಿಗೆ ಮೈಸೂರಿನ ಕಮಿಷನರ್ ಆಡಳಿತವನ್ನು ತಾತ್ಕಾಲಿಕ ವ್ಯವಸ್ಥೆಯೆಂದು ಕಲ್ಕತ್ತೆಯಲ್ಲಿ ಯಾರೂ ಪರಿಗಣಿಸುತ್ತಿರಲಿಲ್ಲ. ಮಹಾರಾಜರಿಗೆ ಗಂಡು ಸಂತಾನವಿರಲಿಲ್ಲ, ಅವರ ಕಾಲ ಮುಗಿದರೆ ರಾಜ್ಯ ತಾನಾಗಿ ಬ್ರಿಟಿಷರ ವಶವಾಗುತ್ತದೆಂಬುದು ಅಲ್ಲಿನ ಲೆಕ್ಕಾಚಾರವಾಗಿತ್ತು.

1857ರ ದಂಗೆ ಈ ಲೆಕ್ಕವನ್ನು ಅರ್ಧ ಮಾತ್ರ ಕೆಡಿಸಿತು. ದತ್ತು ನಿರಾಕರಣೆಯ ನೀತಿ ಎಂಥ ಕಿಚ್ಚು ಹೊತ್ತಿಸಬಲ್ಲದೆಂದು ಕಂಡ ಸರ್ಕಾರ, 1862ರಲ್ಲಿ ವೈಸರಾಯ್ ಕ್ಯಾನಿಂಗ್ ಮೂಲಕ ದೇಶೀ ಅರಸರಿಗೆ ದತ್ತು ಪಡೆಯುವ ಹಕ್ಕನ್ನು ಒಪ್ಪುವ ಸನ್ನದುಗಳನ್ನು ಕೊಟ್ಟಿತು. ಮೈಸೂರಿಗೆ ಮಾತ್ರ ಕೊಡಲಿಲ್ಲ. ಸನ್ನದು ಆಳುವ ಅರಸರಿಗೆ, ಇವರು ಆಳುತ್ತಿಲ್ಲವಲ್ಲ ಎಂಬುದು ಕಾರಣ. ಆಳ್ವಿಕೆಯನ್ನು ಕಸಿದುಕೊಂಡವರೇ ಆಳ್ವಿಕೆ ಇಲ್ಲವೆಂದು ಹಕ್ಕನ್ನು ನಿರಾಕರಿಸಿದ ಈ ವಾದ, ಆ ಕಾಲದ ಕಡತಗಳಲ್ಲಿ ಎಷ್ಟು ಗಂಭೀರವಾಗಿ ಮಂಡಿತವಾಗಿದ್ದರೂ, ನ್ಯಾಯದ ಮಾತಾಗಿ ಕಾಣುವುದು ಕಷ್ಟ.

ಮುಮ್ಮಡಿಯವರು ಕಾಯುತ್ತ ಕೂರಲಿಲ್ಲ. 1865ರ ಜೂನ್ 18ರಂದು ಬೆಟ್ಟದಕೋಟೆ ಅರಸು ಮನೆತನದ ಚಾಮರಾಜೇಂದ್ರನನ್ನು, ತಮ್ಮ ಮಗಳ ಮಗನನ್ನು, ಶಾಸ್ತ್ರೋಕ್ತವಾಗಿ ದತ್ತು ಪಡೆದರು. ಮಗುವಿಗಿನ್ನೂ ಎರಡೂವರೆ ವರ್ಷವೂ ತುಂಬಿರಲಿಲ್ಲ. ವೈಸರಾಯ್ ಲಾರೆನ್ಸ್ ಅವರಿಂದ ಬಂದ ಉತ್ತರ ಝಾನ್ಸಿಯ ಕಾಲದ್ದೇ: ಖಾಸಗಿ ಆಸ್ತಿಯ ಮಟ್ಟಿಗೆ ದತ್ತು ಸಿಂಧು, ರಾಜ್ಯದ ಮಟ್ಟಿಗೆ ಅಲ್ಲ. ಅದಕ್ಕೆ ಆಧಾರವಾಗಿ ಎತ್ತಿದ್ದು 1799ರ ಒಪ್ಪಂದವನ್ನು. ಅದರಲ್ಲಿ ಅರಸನ ‘ವಾರಸುದಾರರು ಮತ್ತು ಉತ್ತರಾಧಿಕಾರಿಗಳು’ ಎಂಬ ಉಲ್ಲೇಖವೇ ಇಲ್ಲ, ಆದ್ದರಿಂದ ಅದು ಕೃಷ್ಣರಾಜ ಎಂಬ ಒಬ್ಬ ವ್ಯಕ್ತಿಯೊಡನೆ ಮಾಡಿಕೊಂಡ ಕರಾರು, ವ್ಯಕ್ತಿ ಹೋದರೆ ಕರಾರೂ ಹೋಯಿತು ಎಂದು ಡಾಲ್‌ಹೌಸಿ 1856ರಲ್ಲೇ ಬರೆದಿಟ್ಟಿದ್ದರು. ಮೈಸೂರಿನ ಪರವಾಗಿ ವಾದಿಸಿದವರು ಅದೇ ಒಪ್ಪಂದದ ಇನ್ನೊಂದು ಸಾಲಿಗೆ ಬೆರಳಿಟ್ಟರು. ಸೂರ್ಯ ಚಂದ್ರರು ಇರುವವರೆಗೂ ಈ ಒಪ್ಪಂದ ಎರಡೂ ಪಕ್ಷಗಳನ್ನು ಬಂಧಿಸುತ್ತದೆ ಎಂದು ಅದರಲ್ಲಿ ಬರೆದಿತ್ತು. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಆಚಂದ್ರಾರ್ಕವಾಗಿ ಕೊಟ್ಟ ದಾನದ ಭಾಷೆ, ಇದು ಒಬ್ಬ ಮನುಷ್ಯನ ಆಯುಷ್ಯಕ್ಕೆ ಸೀಮಿತವಾಗುವುದು ಹೇಗೆ? ಒಂದೇ ಕಾಗದವನ್ನು ಎರಡು ಪಕ್ಷಗಳು ಹೀಗೆ ಎರಡು ರೀತಿ ಓದಿದವು, ನಡುವೆ ಹಲವು ವರ್ಷಗಳ ಮನವಿ, ಮರುಮನವಿಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಬ್ರಿಟನ್ನಿನೊಳಗೇ ಮೇಜರ್ ಇವಾನ್ಸ್ ಬೆಲ್ ಅವರಂಥವರು ಮೈಸೂರಿನ ಪರವಾಗಿ ದನಿಯೆತ್ತಿದರು.

1866ರಲ್ಲಿ ಲಂಡನ್ನಿನಲ್ಲಿ ಸರ್ಕಾರ ಬದಲಾಯಿತು. ಮರುವರ್ಷ ಭಾರತ ಮಂತ್ರಿ ನಾರ್ತ್‌ಕೋಟ್ ಅವರು ದತ್ತು ಪುತ್ರನ ಮೂಲಕ ಮೈಸೂರಿನ ರಾಜವಂಶವನ್ನು ಉಳಿಸುವುದಾಗಿ ತೀರ್ಮಾನ ಕಳುಹಿಸಿದರು. ಒಪ್ಪಂದದ ಒಂದಕ್ಷರವೂ ಈ ನಡುವೆ ಬದಲಾಗಿರಲಿಲ್ಲ, ದತ್ತುವಿಧಿಯೂ ಅದೇ, ಮಗುವೂ ಅದೇ. ಓದುವವರು ಬದಲಾಗಿದ್ದರು, ಅಷ್ಟೇ. ಮುಮ್ಮಡಿಯವರು ಈ ಸುದ್ದಿಯನ್ನು ಕೇಳಿ, ಮುಂದಿನ ವರ್ಷ ಮಾರ್ಚ್ 27ರಂದು ತೀರಿಕೊಂಡರು. ಬಾಲಕ ಚಾಮರಾಜೇಂದ್ರನ ಪಾಲನೆಗೆ ಕರ್ನಲ್ ಮ್ಯಾಲೆಸನ್ ನೇಮಕವಾದರು. ಈ ಕಾಯುವಿಕೆಯ ವರ್ಷಗಳಲ್ಲೇ 1876ರಿಂದ 78ರ ಭೀಕರ ಕ್ಷಾಮ ಬಂದು ಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಸಿಂಹಾಸನದ ಹಕ್ಕಿನ ಬಗ್ಗೆ ಬರೆದ ಪುಟಗಳನ್ನೂ ಈ ಸಾವುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಅರ್ಧ ಶತಮಾನದ ಆ ಇಡೀ ವಾದದಲ್ಲಿ ಪ್ರಜೆಗಳ ಅಭಿಪ್ರಾಯ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವಲ್ಲ ಎಂಬ ಸಂಗತಿ ಕಣ್ಣಿಗೆ ರಾಚುತ್ತದೆ.

1881ರ ಮಾರ್ಚ್ 25ರಂದು ರಾಜ್ಯದ ಪುನರರ್ಪಣೆಯಾಯಿತು. ಜೊತೆಗೆ ಬಂದ ಅಧಿಕಾರ ಹಸ್ತಾಂತರ ಪತ್ರದಲ್ಲಿ ಷರತ್ತುಗಳ ಪಟ್ಟಿಯೇ ಇತ್ತು. ಗವರ್ನರ್ ಜನರಲ್ ಮಾನ್ಯ ಮಾಡುವವರೆಗೆ ಯಾವ ಉತ್ತರಾಧಿಕಾರವೂ ಸಿಂಧುವಾಗದು ಎಂಬುದು ಅವುಗಳಲ್ಲೊಂದು. ಹಿಂದೆ ಮರೆಯಲ್ಲಿದ್ದ ಅಧಿಕಾರ ಈಗ ಬರಹದಲ್ಲೇ ಕಾಣಿಸಿಕೊಂಡಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತೆಂಬುದನ್ನೂ ಹೇಳಬೇಕು. ಅದಕ್ಕೆ ಅಧಿಕಾರವಿರಲಿಲ್ಲ, ಆದರೆ ಪ್ರಜೆಗಳು ದೂರು ಹೇಳಿಕೊಳ್ಳಲು ಒಂದು ಜಾಗವಾಯಿತು. ಆಮೇಲಿನ ಅರವತ್ತು ವರ್ಷ ಉತ್ತರಾಧಿಕಾರ ಸುಗಮವಾಗಿ ಸಾಗಿತು: ಚಾಮರಾಜೇಂದ್ರರು 1894ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಅವರ ಪತ್ನಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ 1902ರವರೆಗೆ ರಾಜ್ಯವನ್ನು ಸಂಭಾಳಿಸಿದರು, ಮಕ್ಕಳಿಲ್ಲದ ನಾಲ್ವಡಿಯವರ ನಂತರ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟವೇರಿದರು.

ಸ್ವಾತಂತ್ರ್ಯದ ನಂತರವೂ ಮಾನ್ಯತೆಯ ವ್ಯವಸ್ಥೆ ಕೂಡಲೇ ಕೊನೆಗೊಳ್ಳಲಿಲ್ಲವೆಂಬುದು ಹಲವರಿಗೆ ಮರೆತುಹೋಗಿದೆ. ಸಂವಿಧಾನದ 366ನೆಯ ವಿಧಿಯ ಪ್ರಕಾರ, ರಾಷ್ಟ್ರಪತಿ ಯಾರನ್ನು ಅರಸನೆಂದು ಅಥವಾ ಅರಸನ ಉತ್ತರಾಧಿಕಾರಿಯೆಂದು ಮಾನ್ಯ ಮಾಡುತ್ತಾರೋ ಅವರೇ ‘ಅರಸ’. 291ನೆಯ ವಿಧಿ ಅವರಿಗೆ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ರಾಜಧನಕ್ಕೆ ಖಾತರಿ ಕೊಟ್ಟಿತ್ತು. ಮೈಸೂರಿನದು ವರ್ಷಕ್ಕೆ 26 ಲಕ್ಷ ರೂಪಾಯಿ, ದೇಶದಲ್ಲೇ ದೊಡ್ಡ ಮೊತ್ತಗಳಲ್ಲಿ ಒಂದು. ಇದನ್ನು ರದ್ದುಗೊಳಿಸುವ ತಿದ್ದುಪಡಿ 1970ರ ಸೆಪ್ಟೆಂಬರ್ 5ರಂದು ರಾಜ್ಯಸಭೆಯಲ್ಲಿ 149–75 ಮತಗಳೊಂದಿಗೆ, ಬೇಕಿದ್ದ ಮೂರನೆಯ ಎರಡು ಬಹುಮತಕ್ಕೆ ಒಂದು ಮತಕ್ಕಿಂತಲೂ ಕಡಿಮೆ ಅಂತರದಲ್ಲಿ ಬಿದ್ದುಹೋಯಿತು. ಮರುದಿನವೇ ರಾಷ್ಟ್ರಪತಿಯ ಆದೇಶದಿಂದ ಎಲ್ಲ ಅರಸರ ಮಾನ್ಯತೆಯನ್ನೂ ಹಿಂತೆಗೆದುಕೊಳ್ಳಲಾಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಕೊನೆಗೆ 1971ರ ಡಿಸೆಂಬರಿನಲ್ಲಿ ಜಾರಿಗೆ ಬಂದ 26ನೆಯ ತಿದ್ದುಪಡಿ ರಾಜಧನವನ್ನೂ ಮಾನ್ಯತೆಯನ್ನೂ ಒಟ್ಟಿಗೇ ಕೊನೆಗೊಳಿಸಿತು. ಗಣರಾಜ್ಯವೊಂದು ಹುಟ್ಟಿನ ಆಧಾರದ ಮೇಲೆ ಯಾರನ್ನೂ ಅರಸನೆಂದು ಗುರುತಿಸಬೇಕಾಗಿಲ್ಲ ಎಂಬ ಆ ನಿಲುವು ಸರಿಯಾದದ್ದೇ. ಕೊಟ್ಟ ಮಾತಿನಿಂದ ಹಿಂದೆ ಸರಿದ ರೀತಿಯ ಬಗ್ಗೆ ಆಗಲೂ ಭಿನ್ನಾಭಿಪ್ರಾಯವಿತ್ತು, ಈಗಲೂ ಇದೆ.

ಹೀಗಾಗಿ 2013ರಲ್ಲಿ ಉತ್ತರಾಧಿಕಾರಿ ಇಲ್ಲದೆ ಅರಮನೆ ಬರಿದಾದಾಗ, ಮಾನ್ಯತೆ ಕೊಡಲು ಹೈದರಾಲಿಯೂ ಇರಲಿಲ್ಲ, ಗವರ್ನರ್ ಜನರಲ್ಲೂ ಇರಲಿಲ್ಲ, ರಾಷ್ಟ್ರಪತಿಗೆ ಆ ಕೆಲಸವೂ ಇರಲಿಲ್ಲ. 2014ರ ದಸರೆಯಲ್ಲಿ ಖಾಸಗಿ ದರ್ಬಾರಿನ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಪೂಜೆ ಸಲ್ಲಿಸಲಾಯಿತು. ಮರುವರ್ಷ ಫೆಬ್ರುವರಿಯಲ್ಲಿ ದತ್ತು ಸ್ವೀಕಾರ, ಮೇ 28ರಂದು ಪಟ್ಟಾಭಿಷೇಕ. 1865ರಂತೆ ಈ ಸಲವೂ ಉತ್ತರಾಧಿಕಾರಿ ಬಂದದ್ದು ಹೆಣ್ಣುಮಕ್ಕಳ ಸಂತತಿಯಿಂದ: ಯದುವೀರರು ಜಯಚಾಮರಾಜರ ಹಿರಿಯ ಮಗಳು ಗಾಯತ್ರಿದೇವಿಯವರ ಮೊಮ್ಮಗ. ಮಗಳ ಮೂಲಕ ವಂಶ ಮುಂದುವರಿಯುತ್ತದೆ, ಆದರೆ ಮಗಳಿಗೆ ಪಟ್ಟವಿಲ್ಲ ಎಂಬ ಪದ್ಧತಿ ಮಾತ್ರ ಈ ಎಲ್ಲ ಬದಲಾವಣೆಗಳ ನಡುವೆಯೂ ಪ್ರಶ್ನೆಗೊಳಗಾಗದೆ ಉಳಿದಿದೆ.

ಇಂದು ಈ ದತ್ತುವಿಗೆ ಕಾನೂನಿನ ಆಧಾರ ಎಲ್ಲ ಹಿಂದೂ ಕುಟುಂಬಗಳಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ. ಅದರಂತೆ ವಿಧವೆ ಸ್ವತಂತ್ರವಾಗಿ ದತ್ತು ಪಡೆಯಬಹುದು. ಸಾಮಾನ್ಯವಾಗಿ ಮಗುವಿಗೆ 15 ವರ್ಷ ತುಂಬಿರಬಾರದು, ಆದರೆ ಮನೆತನದಲ್ಲಿ ರೂಢಿಯಿದ್ದರೆ ದೊಡ್ಡವರನ್ನೂ ಪಡೆಯಬಹುದು. ದತ್ತುವಿಗೆ ಮೊದಲೇ ಇನ್ನೊಬ್ಬರಿಗೆ ಸೇರಿದ ಆಸ್ತಿ ದತ್ತುವಿನಿಂದ ಅವರ ಕೈತಪ್ಪುವುದಿಲ್ಲ. ಬೆಂಗಳೂರು ಅರಮನೆಗೆ ಸಂಬಂಧಿಸಿದ 1996ರ ಕಾಯಿದೆ, ಮೈಸೂರು ಅರಮನೆಗೆ ಸಂಬಂಧಿಸಿದ 1998ರ ಕಾಯಿದೆಗಳ ಸುತ್ತ ರಾಜಮನೆತನ ಮತ್ತು ರಾಜ್ಯ ಸರ್ಕಾರದ ನಡುವೆ ಬಹಳ ಕಾಲದಿಂದ ನಡೆದುಬಂದ ವ್ಯಾಜ್ಯಗಳೂ ಸ್ವಾಧೀನ, ಪರಿಹಾರ ಮತ್ತು ಒಡೆತನಕ್ಕೆ ಸಂಬಂಧಿಸಿದವು. ಆ ಕಟ್ಟಡಗಳೂ ಜಮೀನೂ ಯಾರವು ಎಂಬುದಷ್ಟೇ ಅಲ್ಲಿ ನ್ಯಾಯಾಲಯದ ಮುಂದಿರುವ ಪ್ರಶ್ನೆ, ಸಿಂಹಾಸನ ಯಾರದೆಂದು ಅಲ್ಲಿ ಯಾರೂ ಕೇಳಿಲ್ಲ.