ಸಸಿಮಡಿಯೋ, ಸಂತೆಯೋ: ಮೈನರ್ ಲೀಗ್ ಬೇಸ್‌ಬಾಲ್ ಇರುವುದು ಯಾರಿಗಾಗಿ?

1987ರ ಆಗಸ್ಟ್ 12ರಂದು ಡೆಟ್ರಾಯಿಟ್ ಟೈಗರ್ಸ್ ತಂಡವು ಅಟ್ಲಾಂಟಾ ಬ್ರೇವ್ಸ್ ತಂಡದಿಂದ ಡಾಯ್ಲ್ ಅಲೆಕ್ಸಾಂಡರ್ ಎಂಬ ಮೂವತ್ತಾರು ವರ್ಷದ ಪಿಚರ್ (ಚೆಂಡು ಎಸೆಯುವ ಆಟಗಾರ) ಒಬ್ಬರನ್ನು ಪಡೆದು, ಬದಲಿಗೆ ಜಾನ್ ಸ್ಮೋಲ್ಟ್ಸ್ ಎಂಬ ಇಪ್ಪತ್ತರ ತರುಣನನ್ನು ಕೊಟ್ಟಿತು. ಸ್ಮೋಲ್ಟ್ಸ್ ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನವರು, ಚಿಕ್ಕಂದಿನಿಂದಲೂ ಟೈಗರ್ಸ್ ಅಭಿಮಾನಿ. ಅವರ ಅಜ್ಜ ಅದೇ ತಂಡದ ಕ್ರೀಡಾಂಗಣದಲ್ಲಿ ದಶಕಗಳ ಕಾಲ ದುಡಿದವರು. ಆ ಹೊತ್ತಿಗೆ ಸ್ಮೋಲ್ಟ್ಸ್ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಊರಿನ ಮೈನರ್ ಲೀಗ್ ತಂಡದಲ್ಲಿ, ಅಂದರೆ ಅಗ್ರ ಹಂತವಾದ ಮೇಜರ್ ಲೀಗ್‌ಗಿಂತ ಕೆಳಗಿನ ಹಂತದಲ್ಲಿ, ನಾಲ್ಕು ಪಂದ್ಯ ಗೆದ್ದು ಹತ್ತು ಸೋತಿದ್ದರು. ಡೆಟ್ರಾಯಿಟ್‌ಗೆ ಬಂದ ಅಲೆಕ್ಸಾಂಡರ್ ಆ ಋತುವಿನಲ್ಲಿ ಒಂಬತ್ತು ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ. ಟೊರಾಂಟೊ ತಂಡವನ್ನು ಎರಡೇ ಪಂದ್ಯಗಳ ಅಂತರದಲ್ಲಿ ಹಿಂದಿಕ್ಕಿ ಟೈಗರ್ಸ್ ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು. ಆದರೆ ಮುಂದಿನ ಸುತ್ತಿನಲ್ಲೇ ಮಿನೆಸೋಟ ಎದುರು ಸೋತು ಹೊರಬಿತ್ತು. ಇನ್ನೆರಡು ವರ್ಷಗಳಲ್ಲಿ ಅಲೆಕ್ಸಾಂಡರ್ ಆಟ ಬಿಟ್ಟರು. ಸ್ಮೋಲ್ಟ್ಸ್ ಮಾತ್ರ 213 ಗೆಲುವು, 154 ಸೇವ್‌ಗಳ (ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದ ಪಂದ್ಯಗಳ) ದಾಖಲೆಯೊಂದಿಗೆ 2015ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

ಕೈಸುಟ್ಟುಕೊಂಡ ವ್ಯಾಪಾರಕ್ಕೆ ಉದಾಹರಣೆ ಬೇಕೆಂದಾಗಲೆಲ್ಲ ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳು ಈ ವಿನಿಮಯವನ್ನು ನೆನೆಯುತ್ತಾರೆ. ಹೀಗೆ ಆಡಿಕೊಳ್ಳುವುದರ ಹಿಂದೆ ಒಂದು ಊಹೆ ಅಡಗಿದೆ: ಮೈನರ್ ಲೀಗ್‌ನಲ್ಲಿ ಬೆಳೆಸಿದ ಹುಡುಗ ಬೆಳೆಸಿದವರ ಅಂಗಳದಲ್ಲೇ ಆಡಬೇಕು, ಅವನನ್ನು ಕೊಟ್ಟರೆ ಬಿತ್ತನೆಬೀಜವನ್ನೇ ಮಾರಿದಂತೆ. ಈ ಊಹೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ಮೈನರ್ ಲೀಗ್ ಎಂಬ ವ್ಯವಸ್ಥೆ ಯಾರಿಗಾಗಿ ಹುಟ್ಟಿತು, ಯಾರ ಕೈಗೆ ಹೋಯಿತು ಎಂಬುದನ್ನು ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ.

ಮೊದಲಿಗೆ ಅದು ಯಾರ ಸಸಿಮಡಿಯೂ ಆಗಿರಲಿಲ್ಲ. 1901ರಲ್ಲಿ ಷಿಕಾಗೋದಲ್ಲಿ ಸಣ್ಣ ಲೀಗ್‌ಗಳ ಮುಖ್ಯಸ್ಥರು ಸೇರಿ ತಮ್ಮದೊಂದು ಒಕ್ಕೂಟ ಕಟ್ಟಿಕೊಂಡಾಗ ಅವರ ಉದ್ದೇಶ ದೊಡ್ಡ ತಂಡಗಳಿಗೆ ಆಟಗಾರರನ್ನು ಒದಗಿಸುವುದಾಗಿರಲಿಲ್ಲ. ದೊಡ್ಡ ತಂಡಗಳು ಸಣ್ಣ ತಂಡಗಳ ಆಟಗಾರರನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುವುದನ್ನು ತಡೆಯುವುದಾಗಿತ್ತು. ಊರಿನ ತಂಡ ಊರಿನ ಮಾಲೀಕನದು. ಗೆಲ್ಲುವುದು ಅದರ ಕೆಲಸ. ಒಳ್ಳೆಯ ಆಟಗಾರ ಸಿಕ್ಕರೆ ಒಳ್ಳೆಯ ಬೆಲೆಗೆ ಮಾರುವುದು ಅದರ ಆದಾಯ. ಬಾಲ್ಟಿಮೋರ್‌ನ ಜಾಕ್ ಡನ್ ಈ ವ್ಯಾಪಾರದಲ್ಲಿ ಪಳಗಿದವರು. 1914ರಲ್ಲಿ ಬೇಬ್ ರೂತ್ ಅವರನ್ನು ಬಾಸ್ಟನ್‌ಗೆ ಮಾರಿದವರು ಇವರೇ. 1919ರಿಂದ 1925ರವರೆಗೆ ಇವರ ಓರಿಯೋಲ್ಸ್ ತಂಡ ಸತತ ಏಳು ಬಾರಿ ಇಂಟರ್‌ನ್ಯಾಷನಲ್ ಲೀಗ್ ಪ್ರಶಸ್ತಿ ಗೆದ್ದಿತು. ಲೆಫ್ಟಿ ಗ್ರೋವ್ ಎಂಬ ಮಹಾ ಪಿಚರ್ ಅವರನ್ನು ಡನ್ ಐದು ಋತುಗಳ ಕಾಲ ತಮ್ಮಲ್ಲೇ ಇರಿಸಿಕೊಂಡು, ಕೊನೆಗೆ 1924ರ ಋತು ಮುಗಿದ ಮೇಲೆ ಫಿಲಡೆಲ್ಫಿಯಾಗೆ 1,00,600 ಡಾಲರಿಗೆ ಮಾರಿದರು. ಆ ಆರುನೂರು ಡಾಲರಿಗೂ ಒಂದು ಕಾರಣವಿತ್ತು: ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್ ಕೊಂಡಾಗ ಕೊಟ್ಟಿದ್ದ ಒಂದು ಲಕ್ಷ ಡಾಲರಿನ ದಾಖಲೆಯನ್ನು ಮುರಿಯಬೇಕಿತ್ತು.

ಇಂಥ ಬೆಲೆ ತೆರಲಾಗದ ತಂಡವೊಂದು ಸೇಂಟ್ ಲೂಯಿಸ್‌ನಲ್ಲಿತ್ತು. ಕಾರ್ಡಿನಲ್ಸ್ ತಂಡದ ಹೊಣೆ ಹೊತ್ತಿದ್ದ ಬ್ರಾಂಚ್ ರಿಕ್ಕಿ ಅವರಿಗೆ ಪ್ರತಿಭೆಯನ್ನು ಗುರುತಿಸುವ ಕಣ್ಣಿತ್ತು, ಕೊಳ್ಳುವ ಹಣವಿರಲಿಲ್ಲ. ಅವರು ಒಬ್ಬ ಹುಡುಗನನ್ನು ಮೆಚ್ಚಿ ವಿಚಾರಿಸಿದರೆ ಸಾಕು, ಸಣ್ಣ ತಂಡದ ಮಾಲೀಕ ಆ ಸುದ್ದಿಯನ್ನೇ ಹಿಡಿದು ಶ್ರೀಮಂತ ತಂಡಗಳ ಬಳಿ ಬೆಲೆ ಏರಿಸಿಕೊಳ್ಳುತ್ತಿದ್ದ. ಹಾಲು ಕೊಳ್ಳಲು ಕಾಸಿಲ್ಲದವನು ಕರುವನ್ನೇ ಸಾಕುವಂತೆ, ರಿಕ್ಕಿ ತಂಡಗಳನ್ನೇ ಕೊಳ್ಳತೊಡಗಿದರು. 1920ರ ಆಸುಪಾಸಿನಲ್ಲಿ ಹ್ಯೂಸ್ಟನ್, ಫೋರ್ಟ್ ಸ್ಮಿತ್, ಸಿರಾಕ್ಯೂಸ್ ತಂಡಗಳಲ್ಲಿ ಪಾಲು ಪಡೆಯುವುದರೊಂದಿಗೆ ಆರಂಭವಾದ ಈ ಏರ್ಪಾಟು ಎರಡು ದಶಕಗಳಲ್ಲಿ ಮೂವತ್ತಕ್ಕೂ ಹೆಚ್ಚು ತಂಡಗಳಿಗೆ, ಆರುನೂರಕ್ಕೂ ಹೆಚ್ಚು ಆಟಗಾರರಿಗೆ ಹಬ್ಬಿತು. ಇದಕ್ಕೆ ‘ಫಾರ್ಮ್’ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ನೂರು ಸಸಿ ಹಾಕಿದರೆ ಹತ್ತು ಗಟ್ಟಿಯಾಗುತ್ತವೆ ಎಂಬುದು ರಿಕ್ಕಿ ಅವರ ಲೆಕ್ಕ. 1926ರಲ್ಲಿ ಕಾರ್ಡಿನಲ್ಸ್ ಯಾಂಕೀಸ್ ತಂಡವನ್ನೇ ಸೋಲಿಸಿ ಮೇಜರ್ ಲೀಗ್‌ನ ಅಂತಿಮ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಈ ಲೆಕ್ಕದ ಬಗೆಗಿನ ನಗು ನಿಂತಿತು.

ಆದರೆ ರಿಕ್ಕಿ ಕಟ್ಟಿದ್ದು ಸಸಿಮಡಿಯನ್ನು ಮಾತ್ರ ಎನ್ನುವುದು ಅರ್ಧ ಸತ್ಯ. ತನ್ನ ಗದ್ದೆಗೆ ಬೇಕಾದ್ದಕ್ಕಿಂತ ಹೆಚ್ಚು ಸಸಿ ಬೆಳೆದವನು ಉಳಿದದ್ದನ್ನು ಸಂತೆಗೆ ಒಯ್ಯಲೇಬೇಕು. ಆಟಗಾರರ ಮಾರಾಟದಿಂದ ಬರುವ ಲಾಭದಲ್ಲಿ ರಿಕ್ಕಿ ಅವರಿಗೂ ಒಂದು ಪಾಲು ಇತ್ತು. ತೋಳಿನ ನೋವಿಗೆ ಸಿಲುಕಿದ್ದ ಪ್ರಖ್ಯಾತ ಪಿಚರ್ ಡಿಜ್ಜಿ ಡೀನ್ ಅವರನ್ನು 1938ರಲ್ಲಿ ಷಿಕಾಗೋ ಕಬ್ಸ್‌ಗೆ 1,85,000 ಡಾಲರ್ ಮತ್ತು ಮೂವರು ಆಟಗಾರರಿಗೆ ಕೊಟ್ಟದ್ದು ಇದೇ ವಿವೇಕದ ಫಲ. ಹಿಂದಿನಿಂದ ಹೊಸಬರು ಬರುತ್ತಲೇ ಇದ್ದಾಗ ಹಳಬರನ್ನು ಬೆಲೆ ಇರುವಾಗಲೇ ಬಿಟ್ಟುಕೊಡಬಹುದು. ಅಂದರೆ ಆಟಗಾರರನ್ನು ಬೆಳೆಸುವುದು, ವಿನಿಮಯ ಮಾಡುವುದು ಎಂಬ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ ಎಂಬ ಇಂದಿನ ಮಾತು, ಈ ಪದ್ಧತಿಯನ್ನು ಹುಟ್ಟುಹಾಕಿದವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ.

ಬೇಸ್‌ಬಾಲ್‌ನ ಅಂದಿನ ಕಮಿಷನರ್, ನ್ಯಾಯಾಧೀಶರಾಗಿದ್ದ ಕೆನೆಸಾ ಮೌಂಟನ್ ಲ್ಯಾಂಡಿಸ್ ಅವರಿಗೆ ಈ ಪದ್ಧತಿ ಕಂಡರಾಗದು. ಊರಿನ ತಂಡ ಊರಿನವರ ಕೈತಪ್ಪುತ್ತದೆ, ಹುಡುಗ ಒಂದೇ ಯಜಮಾನನ ಕೈಯಲ್ಲಿ ಸಿಕ್ಕಿಬೀಳುತ್ತಾನೆ ಎಂಬುದು ಅವರ ಆಕ್ಷೇಪ. ಒಂದೇ ಲೀಗ್‌ನ ಒಂದಕ್ಕಿಂತ ಹೆಚ್ಚು ತಂಡಗಳನ್ನು ಗುಟ್ಟಾಗಿ ಹಿಡಿತದಲ್ಲಿಟ್ಟುಕೊಂಡ ಕಾರಣಕ್ಕೆ 1938ರಲ್ಲಿ ಅವರು ಕಾರ್ಡಿನಲ್ಸ್‌ನ 74 ಆಟಗಾರರನ್ನು ಬಿಡುಗಡೆ ಮಾಡಿದರು. ಆದರೂ ಪದ್ಧತಿ ನಿಲ್ಲಲಿಲ್ಲ. ಉಳಿದ ತಂಡಗಳೂ ಅದನ್ನೇ ಅನುಸರಿಸಿದ್ದವು. ಬೆಳೆಸುವುದರ ಮಹತ್ವಕ್ಕೂ ಕಾರ್ಡಿನಲ್ಸ್ ತಂಡವೇ ಸಾಕ್ಷಿ ಒದಗಿಸಿತು. ಪಿಚರ್ ಆಗಿ ಸೇರಿದ್ದ ಸ್ಟಾನ್ ಮ್ಯೂಸಿಯಲ್ 1940ರಲ್ಲಿ ಡೇಟೋನ ಬೀಚ್‌ನ ಮೈನರ್ ಲೀಗ್ ತಂಡದಲ್ಲಿ ಆಡುವಾಗ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆಯಲ್ಲಿ, ಅವರನ್ನು ಬ್ಯಾಟರ್ ಆಗಿ ತಿದ್ದಿ ಆಡಿಸಲಾಯಿತು. ಮರುವರ್ಷವೇ ಮೇಜರ್ ಲೀಗ್ ಸೇರಿದ ಅವರು ಆ ಆಟದ ಸಾರ್ವಕಾಲಿಕ ಶ್ರೇಷ್ಠ ಬ್ಯಾಟರ್‌ಗಳಲ್ಲಿ ಒಬ್ಬರಾದರು. ಗೆಲ್ಲಲೇಬೇಕಾದ ಒತ್ತಡವಿಲ್ಲದ ಜಾಗದಲ್ಲಿ ಮಾತ್ರ ಇಂಥ ಪ್ರಯೋಗ ಸಾಧ್ಯ.

ಯುದ್ಧಾನಂತರ 1949ರಲ್ಲಿ 59 ಮೈನರ್ ಲೀಗ್‌ಗಳಿದ್ದವು, ಆ ವರ್ಷ ಸುಮಾರು ನಾಲ್ಕು ಕೋಟಿ ಪ್ರೇಕ್ಷಕರು ಬಂದಿದ್ದರು. ಮುಂದೆ ಟೆಲಿವಿಷನ್ ಬಂದು ದೊಡ್ಡ ತಂಡಗಳ ಆಟ ಮನೆಯಲ್ಲೇ ಕಾಣತೊಡಗಿದಾಗ ಊರಿನ ಮೈದಾನಗಳು ಬರಿದಾದವು. ಉಳಿದದ್ದನ್ನು ಕಾಪಾಡಲು 1962ರಲ್ಲಿ ರೂಪಿಸಿದ ಒಪ್ಪಂದದ ಹೆಸರಿನಲ್ಲೇ ‘ಆಟಗಾರರ ಅಭಿವೃದ್ಧಿ’ ಎಂಬ ಮಾತು ಬಂದದ್ದು ಗಮನಾರ್ಹ. ಅಂದಿನಿಂದ ಆಟಗಾರರ, ತರಬೇತುದಾರರ ಸಂಬಳದ ಹೊರೆ ಮೇಜರ್ ಲೀಗ್ ತಂಡದ್ದು. ಟಿಕೆಟ್, ತಿಂಡಿ, ಮೈದಾನದ ಉಸ್ತುವಾರಿ ಸ್ಥಳೀಯ ಮಾಲೀಕನದು. ಯಾರು ಆಡಬೇಕು, ಪಿಚರ್ ಎಷ್ಟು ಚೆಂಡು ಎಸೆಯಬೇಕು, ಯಾರು ಮೇಲಿನ ಹಂತಕ್ಕೆ ಹೋಗಬೇಕು ಎಂಬುದರಲ್ಲಿ ಆ ಮಾಲೀಕನಿಗೆ ಯಾವ ಅಧಿಕಾರವೂ ಇಲ್ಲ. ಫೈನಲ್ ಪಂದ್ಯದ ಹಿಂದಿನ ದಿನ ತಂಡದ ಅತ್ಯುತ್ತಮ ಬ್ಯಾಟರ್‌ಗೆ ಮೇಲಿನಿಂದ ಕರೆ ಬಂದರೆ ಅವನು ಹೊರಡುತ್ತಾನೆ, ಊರಿನವರು ಚಪ್ಪಾಳೆ ತಟ್ಟಿ ಕಳಿಸುತ್ತಾರೆ. ನಮ್ಮಲ್ಲಿ ಐಪಿಎಲ್ ತಂಡಗಳು ಹರಾಜಿನಲ್ಲಿ ಕೊಳ್ಳುವ ಭಾರತೀಯ ಆಟಗಾರರನ್ನು ಬಹುಮಟ್ಟಿಗೆ ರಾಜ್ಯ ಸಂಸ್ಥೆಗಳು ಬೆಳೆಸಿರುತ್ತವೆ. ಬೇಸ್‌ಬಾಲ್‌ನಲ್ಲಾದರೋ ಕೊಳ್ಳುವವರೇ ಬೆಳೆಸುವವರು. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರನ್ನು ಸೇರಿಸಿಕೊಂಡಾಗ ಅವರು ಹತ್ತಿದ್ದೂ ಇದೇ ಏಣಿಯ ಕೆಳಗಿನ ಮೆಟ್ಟಿಲನ್ನು. (ಈ ರಿಂಕು ಸಿಂಗ್ ಕ್ರಿಕೆಟಿಗನಲ್ಲ, ಮುಂದೆ ಕುಸ್ತಿಗೆ ಹೋದವರು.) ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ, ಆ ಏಣಿ ಹತ್ತುವ ಬಹುಪಾಲು ಜನ ತಲುಪುವುದಿಲ್ಲ.

ಸಸಿಗೆ ಸಂತೆಯಲ್ಲಿ ಇಂದಿನ ಬೆಲೆ ಬಂದದ್ದು ಎರಡು ನಿಯಮಗಳಿಂದ. ಮೊದಲನೆಯದು 1965ರಲ್ಲಿ ಆರಂಭವಾದ ಡ್ರಾಫ್ಟ್, ಅಂದರೆ ಶಾಲೆ ಕಾಲೇಜುಗಳ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ಅಮೆರಿಕದ ಫುಟ್‌ಬಾಲ್‌ನಲ್ಲಿ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಸರದಿಯನ್ನೇ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು ಆಟಗಾರನನ್ನು ಪಡೆಯಬಹುದು. ಬೇಸ್‌ಬಾಲ್‌ನಲ್ಲಿ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಹಾಗೆ ಮಾಡುವಂತಿಲ್ಲ. ಆದ್ದರಿಂದ ನಾಳೆಯನ್ನು ಅಡವಿಟ್ಟು ಇಂದನ್ನು ಕೊಳ್ಳಬೇಕೆಂದಿರುವ ತಂಡದ ಬಳಿ ಇರುವ ನಾಣ್ಯವೆಂದರೆ ಮೈನರ್ ಲೀಗ್ ಹುಡುಗರೇ. ಎರಡನೆಯದು, 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೀಟ್ಸ್ ಕೊಟ್ಟ ತೀರ್ಪಿನ ನಂತರ ಬಂದ ಆರು ವರ್ಷಗಳ ನಿಯಮ. ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿಸಿದ ಆಟಗಾರ ತನಗಿಷ್ಟವಾದ ತಂಡ ಸೇರಬಹುದು. ಅಲ್ಲಿಯವರೆಗೆ ಅವನು ತಂಡದ ಸೊತ್ತು, ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಇರುತ್ತಾನೆ. ಬೆಳೆದು ನಿಂತ ತಾರೆಗೆ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ತೆರಬೇಕಾದಾಗ, ಆರು ವರ್ಷ ಅಗ್ಗದಲ್ಲಿ ದಕ್ಕುವ ಹುಡುಗ ಚಿನ್ನದ ತೂಕಕ್ಕೆ ಬರುತ್ತಾನೆ.

ಆ ಚಿನ್ನವನ್ನು ಒರೆಗೆ ಹಚ್ಚಿ ನೋಡುವುದು ಮಾತ್ರ ಸುಲಭವಲ್ಲ. 1990ರ ಆಗಸ್ಟ್ 30ರಂದು ಬಾಸ್ಟನ್ ರೆಡ್ ಸಾಕ್ಸ್ ತಂಡ ಲ್ಯಾರಿ ಆಂಡರ್ಸನ್ ಎಂಬ ಪಿಚರ್‌ಗಾಗಿ ಹ್ಯೂಸ್ಟನ್‌ಗೆ ಕೊಟ್ಟ ಜೆಫ್ ಬ್ಯಾಗ್‌ವೆಲ್ ಆ ಋತುವಿನಲ್ಲಿ ನ್ಯೂ ಬ್ರಿಟನ್‌ನ ಮೈನರ್ ಲೀಗ್ ತಂಡಕ್ಕೆ ಹೊಡೆದಿದ್ದ ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆಗೆ ಬಾರಿಸುವ ಹೊಡೆತ) ಕೇವಲ ನಾಲ್ಕು. ಅವರ ಸ್ಥಾನದಲ್ಲಿ ಬಾಸ್ಟನ್‌ಗೆ ಆಗಲೇ ವೇಡ್ ಬಾಗ್ಸ್‌ರಂಥ ಘಟಾನುಘಟಿ ಇದ್ದರು. ಆಂಡರ್ಸನ್ ಬಾಸ್ಟನ್ ಪರ ಆ ಋತುವಿನಲ್ಲಿ ಎಸೆದದ್ದು 22 ಇನಿಂಗ್ಸ್. ಬ್ಯಾಗ್‌ವೆಲ್ ಹ್ಯೂಸ್ಟನ್‌ಗೆ 449 ಹೋಮ್ ರನ್ ಹೊಡೆದರು. ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ಇಡಬಹುದು. 2016ರ ಜುಲೈನಲ್ಲಿ ಷಿಕಾಗೋ ಕಬ್ಸ್ ತಂಡ ಆರೋಲ್ಡಿಸ್ ಚಾಪ್‌ಮನ್ ಎಂಬ ಬಿರುಸಿನ ಪಿಚರ್‌ಗಾಗಿ ಗ್ಲೇಬರ್ ಟೋರೆಸ್ ಸೇರಿದಂತೆ ನಾಲ್ವರನ್ನು ಯಾಂಕೀಸ್‌ಗೆ ಕೊಟ್ಟಿತು. ಟೋರೆಸ್ ಎರಡೇ ವರ್ಷದಲ್ಲಿ ಆಲ್-ಸ್ಟಾರ್ ಆದರು, ಅಂದರೆ ಋತುವಿನ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದರು. ಚಾಪ್‌ಮನ್ ಆ ಋತು ಮುಗಿಯುತ್ತಲೇ ಯಾಂಕೀಸ್‌ಗೇ ಮರಳಿದರು. ಬರಿಯ ಅಂಕಿಯಲ್ಲಿ ಇದು ನಷ್ಟ. ಆದರೆ ನಡುವೆ ಕಬ್ಸ್ 1908ರ ನಂತರದ ತನ್ನ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತ್ತು. ಈ ವ್ಯಾಪಾರವನ್ನು ಹಿಂದಕ್ಕೆ ಪಡೆಯಬೇಕೆನ್ನುವ ಕಬ್ಸ್ ಅಭಿಮಾನಿಯನ್ನು ಹುಡುಕುವುದು ಕಷ್ಟ. ಡೆಟ್ರಾಯಿಟ್ ಮತ್ತು ಷಿಕಾಗೋ ಮಾಡಿದ ಜೂಜು ಒಂದೇ, ಬಿದ್ದ ದಾಳ ಬೇರೆ. ಹುಡುಗ ಮುಂದೆ ಏನಾದ ಎಂಬುದೊಂದರಿಂದಲೇ ವಿನಿಮಯವನ್ನು ಅಳೆಯುವುದು ನನಗೆ ನ್ಯಾಯವೆನಿಸುವುದಿಲ್ಲ. ಕೊಟ್ಟ ದಿನ ತಂಡಕ್ಕೆ ಯಾವುದು ಬೇಕಾಗಿತ್ತು ಎಂದು ಕೇಳಬೇಕು.

ಹಾಗೆ ಕೇಳಿದರೆ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡದ್ದು ಎಲ್ಲಕ್ಕಿಂತ ವಿಚಿತ್ರ ಪ್ರಕರಣ. ಎರಡು ತಂಡಗಳನ್ನು ಮುಚ್ಚಿಬಿಡಬೇಕೆಂದು 2001ರ ನವೆಂಬರ್‌ನಲ್ಲಿ ಮೇಜರ್ ಲೀಗ್ ತಂಡಗಳ ಮಾಲೀಕರು ಮತ ಹಾಕಿದ್ದರು. ಮಾಂಟ್ರಿಯಲ್ ಅವುಗಳಲ್ಲಿ ಒಂದೆಂದು ಎಲ್ಲರೂ ನಂಬಿದ್ದರು. 2002ರಲ್ಲಿ ಆ ತಂಡವನ್ನು ಲೀಗ್ ತಾನೇ ನಡೆಸುತ್ತಿತ್ತು. ನಾಳೆಯೇ ಇಲ್ಲದವನಿಗೆ ಸಸಿಮಡಿ ಏಕೆ? ಆ ಜೂನ್ 27ರಂದು ವ್ಯವಸ್ಥಾಪಕ ಒಮರ್ ಮಿನಾಯ ಅವರು ಬಾರ್ಟೊಲೊ ಕೊಲೋನ್ ಎಂಬ ಪಿಚರ್‌ಗಾಗಿ ಕ್ಲಿಫ್ ಲೀ, ಬ್ರಾಂಡನ್ ಫಿಲಿಪ್ಸ್, ಗ್ರೇಡಿ ಸೈಜ್‌ಮೋರ್ ಎಂಬ ಮೂವರು ಎಳೆಯರನ್ನು ಲೀ ಸ್ಟೀವನ್ಸ್ ಅವರೊಂದಿಗೆ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟರು. ಮೂವರೂ ಮುಂದೆ ಆಲ್-ಸ್ಟಾರ್ ಆದರು. ಎಕ್ಸ್‌ಪೋಸ್ ಆ ವರ್ಷ ಪ್ಲೇ-ಆಫ್ ತಲುಪಲೂ ಇಲ್ಲ. ತಂಡ ಮುಚ್ಚಲೂ ಇಲ್ಲ. 2005ರಲ್ಲಿ ಅದು ವಾಷಿಂಗ್ಟನ್‌ಗೆ ಹೋಗಿ ನ್ಯಾಷನಲ್ಸ್ ಆಯಿತು.

ಇಷ್ಟರವರೆಗೆ ತಂಡಗಳ ಲಾಭನಷ್ಟವನ್ನೇ ಆಡಿದ್ದಾಯಿತು. ಆಟಗಾರನ ಕಡೆಯಿಂದ ನೋಡಿದರೆ ಸಸಿಮಡಿಯೂ ಸಂತೆಯೂ ಬಹುಕಾಲ ಒಂದೇ ಆಗಿದ್ದವು. ಯಾಂಕೀಸ್‌ನ ಮೈನರ್ ಲೀಗ್ ಪಿಚರ್ ಜಾರ್ಜ್ ಟೂಲ್ಸನ್ ತಮ್ಮನ್ನು ಕೆಳಹಂತದ ಬಿಂಗ್‌ಹ್ಯಾಂಟನ್ ತಂಡಕ್ಕೆ ಕಳಿಸಿದ್ದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದರು. ಬೇರೆ ಯಾರ ಬಳಿ ಕೆಲಸ ಕೇಳುವ ಹಕ್ಕೂ ಇಲ್ಲದಂತೆ ಹಿಡಿದಿಟ್ಟುಕೊಳ್ಳುವುದು ಏಕಸ್ವಾಮ್ಯ ಎಂಬ ಅವರ ವಾದವನ್ನು 1953ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮೇಜರ್ ಲೀಗ್ ತಾರೆ ಕರ್ಟ್ ಫ್ಲಡ್ 1969ರಲ್ಲಿ ತಮ್ಮ ವಿನಿಮಯವನ್ನು ಧಿಕ್ಕರಿಸಿ ಹೂಡಿದ ಪ್ರಸಿದ್ಧ ಮೊಕದ್ದಮೆಗೂ 1972ರಲ್ಲಿ ಅದೇ ಗತಿಯಾಯಿತು. ದೊಡ್ಡವರಿಗೆ ಆಟಗಾರರ ಸಂಘದ ಬಲದಿಂದ ಬಿಡುಗಡೆ ದೊರೆತರೂ ಮೈನರ್ ಲೀಗ್ ಹುಡುಗರಿಗೆ ಆ ಸಂಘದಲ್ಲಿ ಜಾಗವಿರಲಿಲ್ಲ. 2021ರಲ್ಲಿ ಮೇಜರ್ ಲೀಗ್ ತನ್ನ ಅಂಗ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ಅವರನ್ನು ಕೇಳಿದವರೂ ಇಲ್ಲ. 2022ರಲ್ಲಿ ಸಂಘ ಅವರನ್ನು ಸೇರಿಸಿಕೊಂಡ ಮೇಲೆ, 2023ರ ಮೊದಲ ಒಪ್ಪಂದದಲ್ಲಿ ಅತ್ಯಂತ ಕೆಳಹಂತದ ಕನಿಷ್ಠ ಸಂಬಳ ವರ್ಷಕ್ಕೆ 4,800ರಿಂದ 19,800 ಡಾಲರಿಗೆ, ಮೇಲಿನ ಹಂತದ್ದು 17,500ರಿಂದ 35,800 ಡಾಲರಿಗೆ ಏರಿತು. ಲಕ್ಷಾಂತರ ಡಾಲರ್ ಮೌಲ್ಯದ ನಾಣ್ಯವಾಗಿ ಕೈ ಬದಲಾಯಿಸುತ್ತಿದ್ದವನು ಬಾಡಿಗೆಗೆ ಪರದಾಡುತ್ತಿದ್ದ ಎಂಬುದು ಈ ವ್ಯವಸ್ಥೆಯ ಕೊಳಕು ಗುಟ್ಟಾಗಿತ್ತು.

ಎಕ್ಸ್‌ಪೋಸ್ ವಂಶದ ವಾಷಿಂಗ್ಟನ್ ನ್ಯಾಷನಲ್ಸ್ 2022ರ ಆಗಸ್ಟ್ 2ರಂದು, ಮಾಂಟ್ರಿಯಲ್‌ನಲ್ಲಿ ಮಾಡಿದ್ದರ ತದ್ವಿರುದ್ಧವನ್ನು ಮಾಡಿತು. 15 ವರ್ಷಗಳ 44 ಕೋಟಿ ಡಾಲರಿನ ಒಪ್ಪಂದವನ್ನು ಬೇಡವೆಂದ ಇಪ್ಪತ್ಮೂರರ ಹ್ವಾನ್ ಸೋಟೊ ಅವರನ್ನು ಸ್ಯಾನ್ ಡಿಯಾಗೊಗೆ ಕೊಟ್ಟು, ಜೇಮ್ಸ್ ವುಡ್, ಸಿ.ಜೆ. ಏಬ್ರಮ್ಸ್, ಮೆಕೆಂಝಿ ಗೋರ್ ಸೇರಿದಂತೆ ಐವರು ಎಳೆಯರನ್ನು ಪಡೆಯಿತು. ಸ್ಯಾನ್ ಡಿಯಾಗೊ ಒಂದೂವರೆ ವರ್ಷದೊಳಗೆ ಸೋಟೊ ಅವರನ್ನು ಯಾಂಕೀಸ್‌ಗೆ ದಾಟಿಸಿತು. ಅಲ್ಲಿ ಒಂದು ಋತು ಆಡಿ ಸ್ವತಂತ್ರರಾದ ಅವರು 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಜೊತೆ 76.5 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದರು. ವಿನಿಮಯದ ಹೊತ್ತಿಗೆ ಇನ್ನೂ ಕೆಳಹಂತದಲ್ಲಿದ್ದ ಜೇಮ್ಸ್ ವುಡ್ 2024ರ ಜುಲೈ 1ರಂದು ವಾಷಿಂಗ್ಟನ್ ಪರ ಮೊದಲ ಪಂದ್ಯವಾಡಿದರು. ಇಂದಿನ ನಿಯಮದ ಲೆಕ್ಕದಲ್ಲಿ ಅವರ ಆರು ವರ್ಷ 2030ರ ಋತುವಿನೊಂದಿಗೆ ತುಂಬುತ್ತದೆ. ಅದಕ್ಕೆ ಒಂದೆರಡು ವರ್ಷ ಮೊದಲೇ ವಾಷಿಂಗ್ಟನ್‌ನಲ್ಲಿ ಅವರನ್ನು ಉಳಿಸಿಕೊಳ್ಳುವುದೋ, ಇನ್ನಾರದೋ ಸಸಿಮಡಿಯ ಐವರಿಗೆ ಬದಲಾಯಿಸುವುದೋ ಎಂಬ ಮಾತು ಶುರುವಾಗಿರುತ್ತದೆ.