ಪಂದ್ಯದ ತೈಲಚಿತ್ರಕ್ಕೆ ಎಂಥ ಫೋಟೋ ಬೇಕು?

ಪ್ರಶ್ನೆ: ನಮ್ಮೂರಿನ ಫುಟ್‌ಬಾಲ್ ಪಂದ್ಯವೊಂದನ್ನು ತೈಲವರ್ಣದಲ್ಲಿ ಚಿತ್ರಿಸುವ ಆಸೆಯಿದೆ. ಎಂಥ ಫೋಟೋ ನೋಡಿಕೊಂಡು ಬರೆದರೆ ಆಟದ ರಭಸ ಹಾಗೆಯೇ ಬರುತ್ತದೆ?

ಉತ್ತರ: ಬೆಳಗಾವಿ ತಿಲಕವಾಡಿಯ ಲೇಲೆ ಮೈದಾನದಲ್ಲಿ ಪಂದ್ಯಗಳು ಆರಂಭವಾದರೆ ಸಾಕು, ಈ ಪ್ರಶ್ನೆ ನನ್ನ ಬಳಿ ಬಂದೇ ಬರುತ್ತದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ನಿಮಗೆ ಯಾವ ಫೋಟೋವೂ ಬೇಡ. ಅಂಗಿಯ ಪಟ್ಟೆ, ಬೂಟಿನ ಆಕಾರ, ಗೋಲುಕಂಬದ ಎತ್ತರ ನೋಡಿಕೊಳ್ಳಲು ಒಂದೆರಡು ಇದ್ದರೆ ಇರಲಿ. ಚಿತ್ರ ಮಾತ್ರ ಅದರಿಂದ ಹುಟ್ಟಬಾರದು.

ಆಟದ ರಭಸ ಒಂದು ಕ್ಷಣದಲ್ಲಿ ಅಡಗಿದೆ, ಆ ಕ್ಷಣವನ್ನು ಕ್ಯಾಮೆರಾ ಹಿಡಿಯುತ್ತದೆ, ಚಿತ್ರಕಾರ ಅದನ್ನೇ ದೊಡ್ಡದಾಗಿ ಇಳಿಸಿದರೆ ಮುಗಿಯಿತು ಎಂಬ ನಂಬಿಕೆಯನ್ನು ನಾನು ಎಷ್ಟು ವರ್ಷಗಳಿಂದ ಕೀಳುತ್ತಿದ್ದರೂ ಅದು ಮತ್ತೆ ಮತ್ತೆ ಚಿಗುರುತ್ತದೆ. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನ ಫೋಟೋಗೆ ಚೌಕುಳಿ ಹಾಕಿ, ಅದನ್ನು ಮೂರಡಿಯ ಕ್ಯಾನ್ವಾಸಿಗೆ ಇಳಿಸಿ ತಂದಿದ್ದ. ಗಾಳಿಯಲ್ಲಿ ಅಡ್ಡಲಾಗಿ ಚಾಚಿದ ಗೋಲ್‌ಕೀಪರನ ಬೆರಳಿನ ಗೆಣ್ಣುಗಳನ್ನು ಎಣಿಸಬಹುದಿತ್ತು, ಚೆಂಡಿನ ಹೊಲಿಗೆ ಕೂಡ ಕಾಣುತ್ತಿತ್ತು. ಆದರೆ ಆ ಚೆಂಡು ಅಮಾವಾಸ್ಯೆಗೆ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿನಂತೆ ನಿಂತಲ್ಲೇ ನಿಂತಿತ್ತು. ಎತ್ತಣಿಂದ ಬಂತು, ಎತ್ತ ಹೊರಟಿದೆ ಎಂಬುದು ತಿಳಿಯುತ್ತಿರಲಿಲ್ಲ. ಕೇಳಿದರೆ, “ಸರ, ಫೋಟೋದಾಗ ಹಂಗ ಐತ್ರೀ” ಎಂದ. ಅವನು ಹೇಳಿದ್ದು ನಿಜ, ದೋಷವಿದ್ದದ್ದೂ ಅಲ್ಲಿಯೇ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಯಾವ ಆಟಗಾರನೂ ಓಡುವುದಿಲ್ಲ.

ಈ ವಾದ ಹೊಸದಲ್ಲ. ಫ್ರಾನ್ಸಿನ ಜೆರಿಕೊ 1821ರಲ್ಲಿ ಇಂಗ್ಲೆಂಡಿನ ಎಪ್ಸಮ್ ಕುದುರೆ ಜೂಜಿನ ತೈಲಚಿತ್ರ ಬರೆದ. ಅದರಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಪೂರ್ತಿ ಚಾಚಿ ನೆಲದಿಂದ ಮೇಲೆ ಹಾರುತ್ತಿವೆ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ತೆಗೆದ ಫೋಟೋಗಳು, ನಾಗಾಲೋಟದ ಕುದುರೆಯ ನಾಲ್ಕೂ ಕಾಲುಗಳು ನೆಲ ಬಿಟ್ಟಿರುವುದು ಅವು ಹೊಟ್ಟೆಯಡಿ ಮಡಚಿಕೊಂಡಾಗ ಮಾತ್ರ ಎಂದು ತೋರಿಸಿದವು. ಚಿತ್ರಕಾರ ತಪ್ಪು ಮಾಡಿದನೆಂದು ಜನ ತೀರ್ಮಾನಿಸಿದರು. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಓಡುತ್ತಿರುವುದು ಜೆರಿಕೊನ ಕುದುರೆ. ಇದಕ್ಕೆ ಶಿಲ್ಪಿ ರೋದಾ ಕೊಟ್ಟ ಕಾರಣವನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಹಿಂಗಾಲು ನೆಲವನ್ನು ಒದ್ದ ಗಳಿಗೆ, ಮೈ ಚಾಚಿದ ಗಳಿಗೆ, ಮುಂಗಾಲು ನೆಲವನ್ನು ಅರಸುವ ಗಳಿಗೆ, ಇವೆಲ್ಲ ಒಂದೇ ಮೈಯಲ್ಲಿ ಸೇರಿವೆ. ನೋಡುವ ಕಣ್ಣು ಹಿಂದಿನಿಂದ ಮುಂದಕ್ಕೆ ಸಾಗುತ್ತ ಆ ಕಾಲವನ್ನು ತಾನೇ ದಾಟುತ್ತದೆ.

ಫುಟ್‌ಬಾಲಿಗೂ ಇದೇ ಮಾತು ಸಲ್ಲುತ್ತದೆ. ಒದೆಯುವವನ ಊರಿದ ಕಾಲು ಇನ್ನೂ ಕೆಸರಿನಲ್ಲಿ ಹೂತಿರಲಿ, ಒದ್ದ ಕಾಲು ಚೆಂಡಿದ್ದ ಜಾಗವನ್ನು ದಾಟಿ ಹೋಗಿರಲಿ, ದೃಷ್ಟಿ ಮಾತ್ರ ಚೆಂಡಿದ್ದಲ್ಲೇ ಇರಲಿ. ಈ ಮೂರನ್ನೂ ಒಟ್ಟಿಗೆ ಹಿಡಿದ ಫೋಟೋಗಾಗಿ ಕಾಯಬೇಡಿ. ಇಟಲಿಯ ಚಿತ್ರಕಾರ ಬೊಚ್ಚಿಯೋನಿ 1913ರಲ್ಲಿ ಬರೆದ ಫುಟ್‌ಬಾಲ್ ಆಟಗಾರನ ಚಿತ್ರ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಆಟಗಾರನ ಮೈ ಬಣ್ಣದ ಚಕ್ಕೆಗಳಾಗಿ ಒಡೆದು ಸುತ್ತಲಿನ ಗಾಳಿ ಬೆಳಕುಗಳ ಜೊತೆ ಬೆರೆತುಹೋಗಿದೆ. ಚಿತ್ರಕಾರ ನಿಕೊಲಾ ದ ಸ್ತಾಲ್ 1952ರ ಮಾರ್ಚ್ 26ರ ರಾತ್ರಿ ಪ್ಯಾರಿಸಿನ ಕ್ರೀಡಾಂಗಣದಲ್ಲಿ, ದೀಪಗಳ ಬೆಳಕಿನಲ್ಲಿ ನಡೆದ ಫ್ರಾನ್ಸ್–ಸ್ವೀಡನ್ ಪಂದ್ಯವನ್ನು ನೋಡಿದ. ಆ ಅನುಭವದಿಂದ ಹುಟ್ಟಿದ ಹಲವು ಚಿತ್ರಗಳಲ್ಲಿ ಒಂದು ಮೂರೂವರೆ ಮೀಟರ್ ಅಗಲವಿದೆ. ಅದರಲ್ಲಿ ಮುಖವಿಲ್ಲ, ಬೆರಳಿಲ್ಲ. ಗಾರೆ ಮೆತ್ತಿದಂತೆ ದಪ್ಪನಾಗಿ ಬಳಿದ ಬಣ್ಣದ ಹಲಗೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ. ಇಂಗ್ಲೆಂಡಿನ ಲೌರಿ 1953ರಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಂತೂ ಬೋಲ್ಟನ್ನಿನ ಮೈದಾನದತ್ತ ಬಾಗಿ ನಡೆಯುವ ಜನರಷ್ಟೇ ಇದ್ದಾರೆ, ಆಟವೇ ಇಲ್ಲ. ಆದರೂ ಪಂದ್ಯದ ಕಾತರವೆಲ್ಲ ಅಲ್ಲಿದೆ.

ಹಾಗಾದರೆ ಮಾಡಬೇಕಾದದ್ದೇನು? ಪುಟ್ಟ ವಹಿ, ಮೆತ್ತನೆಯ ಪೆನ್ಸಿಲ್ ಹಿಡಿದು ಗೋಲಿನ ಹಿಂದೆ ಕುಳಿತುಕೊಳ್ಳಿ. ಒಂದು ಗೆರೆಗೆ ಎರಡು ಸೆಕೆಂಡಿಗಿಂತ ಹೆಚ್ಚು ಸಮಯ ಕೊಡಬೇಡಿ. ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನಷ್ಟೇ ಹಿಡಿಯಿರಿ. ನೂರು ಗೀಚು ಮುಗಿದ ಮೇಲೆ ಕ್ಯಾನ್ವಾಸಿನ ಮುಂದೆ ನಿಂತರೆ, ಯಾವುದು ಉಳಿಯಬೇಕು ಎಂಬುದನ್ನು ನಿಮ್ಮ ನೆನಪೇ ಆರಿಸಿಕೊಡುತ್ತದೆ.

ಇಲ್ಲಿಗೆ ಬಂದವರು ಕೇಳಬೇಕಾದ, ಆದರೆ ಯಾರೂ ಸರಿಯಾಗಿ ಕೇಳದ ಇನ್ನೊಂದು ಪ್ರಶ್ನೆಯಿದೆ: ತೈಲವರ್ಣದ ಆ ತೈಲ ಯಾವುದು? ನಾವು ರೊಟ್ಟಿಯ ಜೊತೆ ಹಿಂಡಿ ಮಾಡಿ ತಿನ್ನುವ ಅಗಸಿಯದೇ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಪೊರೆಯಾಗುತ್ತದೆ. ಆದ್ದರಿಂದಲೇ ಬೆಳಗಾವಿಯ ಮಳೆಗಾಲದ ತಂಪು, ತೇವದ ಹವೆಯಲ್ಲಿ ಚಿತ್ರ ಒಣಗಲು ತಡವಾಗುತ್ತದೆ. ಗಾಣದ ಎಣ್ಣೆಯಲ್ಲಿ ಲೋಳೆಯ ಅಂಶ ಉಳಿದಿರುವುದರಿಂದ ಚಿತ್ರಕ್ಕೆ ಶುದ್ಧೀಕರಿಸಿದ ಎಣ್ಣೆಯೇ ಬೇಕು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಇದು ತಲೆಕೆಳಗಾದರೆ ಮೇಲಿನ ಬಣ್ಣ ಸೀಳುತ್ತದೆ. ಮೈದಾನದ ಕೆಮ್ಮಣ್ಣನ್ನು ಬರೆಯುವಾಗ ನಮಗೊಂದು ಅನುಕೂಲವಿದೆ. ನಮ್ಮ ಮಣ್ಣನ್ನು ಕೆಂಪಾಗಿಸಿದ ಕಬ್ಬಿಣದ ಆಕ್ಸೈಡೇ ಟ್ಯೂಬಿನ ಕೆಮ್ಮಣ್ಣಿನ ಬಣ್ಣದಲ್ಲೂ ಇದೆ. ಅದಕ್ಕೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಮಣ್ಣಿನ ಬಣ್ಣ ಬೆರೆಸಿದರೆ, ಅದರಲ್ಲಿರುವ ಮ್ಯಾಂಗನೀಸಿನಿಂದಾಗಿ ನೆಲದ ಭಾಗ ಉಳಿದದ್ದಕ್ಕಿಂತ ಬೇಗ ಒಣಗುತ್ತದೆ.

ಕೆಲಸ ಮುಗಿದ ಮೇಲೆ ಕುಂಚ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಮುದ್ದೆಯೊಳಗೆ ಆ ಶಾಖ ಕೂಡಿಕೊಂಡರೆ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಅದನ್ನು ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.