ವಿಮಾನ ಗಟ್ಟಿಯಾಗಿದೆ, ಚಿಪ್ ಸಿಗುತ್ತಿಲ್ಲ

ಅಮೆರಿಕದ ಬಿ-52 ಬಾಂಬರ್‌ಗಳಲ್ಲಿ ಕೊನೆಯದು ಕಾರ್ಖಾನೆಯಿಂದ ಹೊರಬಿದ್ದದ್ದು 1962ರಲ್ಲಿ. ಕಟ್ಟಿದ್ದು ಒಟ್ಟು 744. ಅದರಲ್ಲಿ 76 ವಿಮಾನಗಳು ಇನ್ನೂ ವಾಯುಪಡೆಯಲ್ಲಿವೆ, 2050ರ ದಶಕದವರೆಗೂ ಅವನ್ನು ಹಾರಿಸುವ ಯೋಜನೆ ಇದೆ. ರೆಕ್ಕೆ, ಒಡಲು ಇನ್ನೂ ಗಟ್ಟಿಮುಟ್ಟಾಗಿವೆ. ತಲೆನೋವೆಲ್ಲ ಒಳಗಿನ ಎಲೆಕ್ಟ್ರಾನಿಕ್ಸ್‌ನದ್ದು.

ಮೊದಲು ಹೀಗಿರಲಿಲ್ಲ. ಶುರುವಿನ ಬಿ-52ಗಳಲ್ಲಿ ಇದ್ದದ್ದು ವ್ಯಾಕ್ಯೂಮ್ ಟ್ಯೂಬ್, ಅಂದರೆ ಚಿಪ್‌ಗೂ ಮುಂಚಿನ ಕಾಲದ, ಬಲ್ಬಿನಂಥ ಗಾಜಿನ ಕೊಳವೆ. 1960ರ ದಶಕದಲ್ಲಿ ಚಿಪ್‌ಗಳು ಬಂದಾಗ ಅವುಗಳ ದೊಡ್ಡ ಗಿರಾಕಿಗಳೇ ಮಿನಿಟ್‌ಮನ್ ಕ್ಷಿಪಣಿ ಮತ್ತು ಅಪೊಲೊ ಯೋಜನೆ. ಹಾಗಾಗಿ ಸರ್ಕಾರ ಹೇಳಿದ್ದನ್ನು ಕಂಪನಿಗಳು ಕೇಳುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಸೇನೆಯ ಪಾಲು ಹೆಚ್ಚುಕಡಿಮೆ ಶೇ. 1ಕ್ಕೆ ಇಳಿಯಿತು. ವರ್ಷಕ್ಕೆ ನೂರಿನ್ನೂರು ಚಿಪ್ ಕೇಳುವವರಿಗಾಗಿ ಹಳೆಯ ತಯಾರಿಕಾ ಲೈನ್ ಯಾರು ನಡೆಸುತ್ತಾರೆ? ಈ ಬದಲಾವಣೆಯ ನಡುವೆಯೇ, 1980ರ ದಶಕದಲ್ಲಿ, ಬಿ-52ರ ದಾರಿ ತೋರಿಸುವ, ಬಾಂಬ್ ಹಾಕುವ ವ್ಯವಸ್ಥೆ ಡಿಜಿಟಲ್ ಆಯಿತು. ಅಲ್ಲಿಗೆ ಮುದಿ ವಿಮಾನ, ಕೆಲವೇ ವರ್ಷಕ್ಕೆ ಮಾದರಿ ಬದಲಾಗುವ ಮಾರುಕಟ್ಟೆಗೆ ಜೋತುಬಿತ್ತು.

1994ರಲ್ಲಿ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ, ಸಾಧ್ಯವಾದ ಕಡೆಯಲ್ಲೆಲ್ಲ ಮಿಲಿಟರಿ ಮಾನದಂಡ ಬಿಟ್ಟು ಸಾಮಾನ್ಯ ಮಾರುಕಟ್ಟೆಯ ಮಾನದಂಡ ಬಳಸಿ ಎಂದು ಆದೇಶಿಸಿದರು. ಖರ್ಚಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಅದೇ ದಶಕದಲ್ಲಿ ದೊಡ್ಡ ಕಂಪನಿಗಳು ಮಿಲಿಟರಿ ದರ್ಜೆಯ ಚಿಪ್ ತಯಾರಿಕೆಯಿಂದ ಒಂದೊಂದಾಗಿ ಜಾಗ ಖಾಲಿ ಮಾಡಿದವು. ಉಳಿದದ್ದು ಹಳೆಯ ಚಿಪ್ ಎಲ್ಲಿಂದಲೋ ತಂದು ಮಾರುವ ದಲ್ಲಾಳಿಗಳು.

ಇಲ್ಲಿಂದಲೇ ನಕಲಿ ಮಾಲು ನುಗ್ಗಿದ್ದು. ಗುಜರಿಗೆ ಬಂದ ಬೋರ್ಡ್ ಕಾಯಿಸಿ ಚಿಪ್ ಕೀಳುತ್ತಾರೆ, ಮೇಲ್ಭಾಗ ಉಜ್ಜಿ ಹಳೆಯ ಅಕ್ಷರ ಅಳಿಸುತ್ತಾರೆ, ಕಪ್ಪು ಲೇಪ ಬಳಿದು ಬೇಕಾದ ನಂಬರ್ ಅಚ್ಚು ಹಾಕುತ್ತಾರೆ, ನೋಡಿದರೆ ಹೊಸದೇ. 2012ರ ಸೆನೆಟ್ ವರದಿ ಬರೀ ಎರಡು ವರ್ಷದಲ್ಲಿ (2009-10) ಸುಮಾರು 1,800 ಇಂಥ ಪ್ರಕರಣ ಪತ್ತೆ ಮಾಡಿತು. ಅನುಮಾನದ ಬಿಡಿಭಾಗಗಳು 10 ಲಕ್ಷಕ್ಕೂ ಜಾಸ್ತಿ. ಅದೇ ವರ್ಷ ಅಲ್ಲಿನ ಸಂಸತ್ತಿನ ತನಿಖಾ ಸಂಸ್ಥೆ ಜಿಎಒ ಇಲ್ಲದ ಕಂಪನಿಯ ಹೆಸರಿನಲ್ಲಿ ಆನ್‌ಲೈನ್ ಆರ್ಡರ್ ಮಾಡಿ ನೋಡಿದ್ದನ್ನು ಬಯಲು ಮಾಡಿತು. ತರಿಸಿದ 16 ಭಾಗಗಳಲ್ಲಿ ಒಂದೂ ಅಸಲಿ ಅಲ್ಲ. ಮಜಾ ಅಂದರೆ, ಕೆಲವು ನಂಬರ್‌ಗಳನ್ನು ಜಿಎಒ ಸುಮ್ನೆ ಕಟ್ಟಿ ಕಳಿಸಿತ್ತು. ಅಂಥ ಚಿಪ್ಪೇ ಜಗತ್ತಿನಲ್ಲಿಲ್ಲ, ಆದರೂ ಪಾರ್ಸೆಲ್ ಬಂತು! ಅಷ್ಟರಲ್ಲೇ ಹೊಸ ಕಾನೂನು ಬಂದು, ನಕಲಿ ಭಾಗ ತೆಗೆದು ಸರಿಮಾಡುವ ಖರ್ಚು ಗುತ್ತಿಗೆದಾರರ ತಲೆಗೆ ಬಿತ್ತು.

ದಾರಿಗಳು ಇಲ್ಲವೇ ಇಲ್ಲ ಅಂತಲ್ಲ. ತಯಾರಿಕೆ ನಿಲ್ಲುವ ಮುಂಚೆ ವಿಮಾನದ ಆಯುಷ್ಯಕ್ಕೆ ಆಗುವಷ್ಟನ್ನು ಒಮ್ಮೆಗೇ ಕೊಂಡಿಡಬಹುದು, ಆದರೆ ಆಯುಷ್ಯವನ್ನೇ ಮತ್ತೆ ಮತ್ತೆ ಮುಂದೂಡುತ್ತಿದ್ದರೆ ಯಾವ ದಾಸ್ತಾನು ಸಾಕಾಗುತ್ತದೆ? ರಾಚೆಸ್ಟರ್ ಎಲೆಕ್ಟ್ರಾನಿಕ್ಸ್‌ನಂಥ ಕಂಪನಿಗಳು ಮೂಲ ತಯಾರಕರ ಒಪ್ಪಿಗೆ ಪಡೆದು ನಿಂತುಹೋದ ಚಿಪ್ ಮಾಡುತ್ತವೆ. ಅರಿಜೋನಾದ ಟ್ಯೂಸಾನ್‌ನಲ್ಲಿ ನಿಲ್ಲಿಸಿರುವ ಹಳೆಯ ವಿಮಾನಗಳಿಂದಲೂ ಭಾಗ ಬಿಚ್ಚುತ್ತಾರೆ, ಅಲ್ಲಿನ ಎಲೆಕ್ಟ್ರಾನಿಕ್ಸ್‌ಗೂ ಅಷ್ಟೇ ವಯಸ್ಸಾಗಿದೆ ಅನ್ನೋದು ಬೇರೆ ಮಾತು. ನನಗೆ ಸರಿ ಅನಿಸುವುದು, ಕೆಡುವ ತನಕ ಕಾಯದೆ ಎಲೆಕ್ಟ್ರಾನಿಕ್ಸ್‌ನ ಇಡೀ ಪೆಟ್ಟಿಗೆಯನ್ನೇ ಬದಲಿಸುವುದು. ದುಬಾರಿ, ನಿಜ.

ಈಗ ರಡಾರ್ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದಾರೆ. ಹೊಸ ರಡಾರ್ ಸೂಪರ್ ಹಾರ್ನೆಟ್ ಯುದ್ಧವಿಮಾನದ ರಡಾರ್‌ನ ತಳಿ, ಹಾಗಾಗಿ ಬಿಡಿಭಾಗಕ್ಕೆ ಗಿರಾಕಿ ಬಿ-52 ಒಂದೇ ಅಲ್ಲ. ಆದರೆ ಸೂಪರ್ ಹಾರ್ನೆಟ್ ತಯಾರಿಕೆಯನ್ನೂ 2027ರ ಹೊತ್ತಿಗೆ ನಿಲ್ಲಿಸುವುದಾಗಿ ಬೋಯಿಂಗ್ ಹೇಳಿದೆ.